ಮೊದಲ ಮಾತಿಗೇ ಹೂಂ ಅನ್ನಬಾರದು

ಏನೇನು ಎಡವಟ್ಟಾಗಬಹುದು ಎಂಬುದನ್ನೆಲ್ಲ ನಾನು ಮೊದಲೇ ಯೋಚಿಸಿಟ್ಟಿದ್ದೆ. ಅರ್ಜಿಯ ಕೊನೆಯ ಪುಟಕ್ಕೆ ಬಂದಾಗ ಸರ್ವರ್ ಮಲಗಿಬಿಡಬಹುದು. ಫೋಟೋದಲ್ಲಿ ಕಿವಿ ಸರಿಯಾಗಿ ಕಾಣುತ್ತಿಲ್ಲವೆಂದು ಅರ್ಜಿಯನ್ನೇ ತಳ್ಳಿಹಾಕಬಹುದು. ಕಟ್ಟಿದ ಶುಲ್ಕ ಅವರಿಗೂ ಮುಟ್ಟದೆ, ನನ್ನ ಖಾತೆಯಲ್ಲೂ ಉಳಿಯದೆ, ತ್ರಿಶಂಕುವಿನ ಹಾಗೆ ನಡುವೆ ನೇತಾಡಬಹುದು. ಅಂಕಪಟ್ಟಿಯಲ್ಲಿ ಅಪ್ಪನ ಹೆಸರು, ಆಧಾರಿನಲ್ಲಿ ಗಂಡನ ಹೆಸರು. ಈ ಇಬ್ಬರು ಹೆಂಗಸರೂ ಒಬ್ಬಳೇ ಎಂದು ಪ್ರಮಾಣ ಮಾಡಲು ನೋಟರಿಯ ಮುಂದೆ ನಿಲ್ಲಬೇಕಾಗಬಹುದು. ಶಿಫಾರಸು ಪತ್ರ ಕೊಡುತ್ತೇನೆಂದ ನನ್ನ ಎಂ.ಎ. ಕಾಲದ ಗುರುಗಳು ಅಷ್ಟರಲ್ಲಿ ತೀರಿಕೊಳ್ಳಬಹುದು. ಬದುಕಿದ್ದೂ ಕೊಡದಿರಬಹುದು, ಅವರ ಸ್ವಭಾವ ನೋಡಿದರೆ ಅದೇ ಹೆಚ್ಚು ಸಂಭವ. ಪ್ರವೇಶ ಪರೀಕ್ಷೆಯ ದಿನ ಬೆಳಗಿನ ಬಸ್ಸು ಹುಣಸೂರಿಗೆ ಬರುವ ಮೊದಲೇ ಕೆಟ್ಟು ನಿಲ್ಲಬಹುದು. ಹನಗೋಡಿನ ಕಡೆಯಿಂದ ಆನೆ ಇಳಿದು ರಸ್ತೆ ಬಂದಾಗಬಹುದು. ಸಂದರ್ಶನದ ನಡುವೆ ಈ ವಯಸ್ಸಿನ ಹೆಂಗಸರಿಗೆ ಬರುವ ಹಾಳು ಬಿಸಿ ಏರಿ, ನಾನು ಪ್ರಶ್ನೆಗೆ ಉತ್ತರಿಸುವ ಬದಲು ಪ್ರಸ್ತಾವನೆಯಿಂದ ಗಾಳಿ ಬೀಸಿಕೊಳ್ಳುತ್ತಾ ಕೂರಬಹುದು. ನಾನೇ ಹಿಂದೆ ಪಾಠ ಹೇಳಿಕೊಟ್ಟ ಹುಡುಗಿ ಸಮಿತಿಯಲ್ಲಿ ಕೂತು, ಹೇಳಿ ಮೇಡಂ, ಅನ್ನಬಹುದು. ಎಲ್ಲಕ್ಕಿಂತ ಭಯಂಕರವಾದದ್ದು, ಸೀಟು ಸಿಕ್ಕಿಯೇ ಬಿಡಬಹುದು. ಆಗ ನಿಜವಾಗಿ ಓದಬೇಕಾಗುತ್ತದೆ.

ಇವುಗಳಲ್ಲಿ ಒಂದೂ ಆಗಲಿಲ್ಲ. ಇಷ್ಟು ವರ್ಷ ಗಾಬರಿಪಟ್ಟ ಅನುಭವದಲ್ಲಿ ಹೇಳುತ್ತೇನೆ, ನಾವು ಹೆದರಿಕೊಂಡು ಕಾದದ್ದು ಎಂದೂ ಬರುವುದಿಲ್ಲ. ಅದಕ್ಕೂ ನಮ್ಮನ್ನು ಕಂಡರೆ ಅಸಡ್ಡೆ.

ನಾನು ಡಿಗ್ರಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿಗೆ ಕಾಫಿ ಕೊಟ್ಟು ಕಳಿಸುತ್ತಾರೆ. ನಮಗೆ ಕಾಫಿ ಇಲ್ಲ, ಕಳಿಸುವುದು ಮಾತ್ರ ಪ್ರತಿವರ್ಷ ತಪ್ಪದೆ ನಡೆಯುತ್ತದೆ. ಬೇಸಿಗೆ ಕಳೆದು ಕಾಲೇಜು ಶುರುವಾದರೂ ಆದೇಶ ಬರುವವರೆಗೆ ಮನೆಯಲ್ಲಿ ಕೂತಿರಬೇಕು. ಇನ್ನು ಮುಂದೆ ಡಾಕ್ಟರೇಟ್ ಇಲ್ಲದವರಿಗೆ ಆ ಆದೇಶವೂ ಇಲ್ಲ ಎಂಬ ಸುದ್ದಿ ಹಬ್ಬಿತು. ಅದಕ್ಕೇ ನಲವತ್ತಾರನೆಯ ವಯಸ್ಸಿನಲ್ಲಿ ನಾಲ್ಕು ವಿಶ್ವವಿದ್ಯಾಲಯಗಳಿಗೆ ಪಿಎಚ್‌ಡಿ ಅರ್ಜಿ ಹಾಕಿದೆ. ಕೆಲಸ ಉಳಿಸಿಕೊಳ್ಳಲು ಅಂತ ಎಲ್ಲರಿಗೂ ಹೇಳಿದೆ. ಒಳಗೆ ಇನ್ನೊಂದು ಆಸೆಯೂ ಇತ್ತು. ನಾನು ಕೆ.ಆರ್. ನಗರದ ಕಡೆಯ ಗದ್ದೆ ಸೀಮೆಯವಳು. ಗಾವಡಗೆರೆಯ ಆಚೆಯ ಈ ಹೊಗೆಸೊಪ್ಪಿನ ಮನೆಗೆ ಸೊಸೆಯಾಗಿ ಬಂದ ಮೊದಲ ಮಳೆಗಾಲದಿಂದಲೂ, ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮುಂದಿನ ಚಪ್ಪರದಲ್ಲಿ ಸಾಲಾಗಿ ಕೂತು ಕಡ್ಡಿಗೆ ಎಲೆ ಕಟ್ಟುವ ಹೆಂಗಸರ ಮಾತು ಕೇಳುತ್ತಾ ಬಂದಿದ್ದೇನೆ. ಯಾರ ಮನೆಯ ಎಲೆಗೆ ಯಾರು ಮೊದಲು ಹೋಗುತ್ತಾರೆ, ಯಾರು ಯಾರನ್ನು ಕರೆದರೆ ಬರುವುದಿಲ್ಲ, ಇದಕ್ಕೆಲ್ಲ ಒಂದು ಕಟ್ಟಳೆ ಇದೆ. ಅದನ್ನು ಬರೆಯಬೇಕು ಅನ್ನಿಸಿತ್ತು. ನಾನು ಬರೆಯದಿದ್ದರೆ ಯಾರಿಗೂ ನಷ್ಟವಿಲ್ಲ, ಅದು ನನಗೂ ಗೊತ್ತು. ಆದರೂ ಅನ್ನಿಸಿತ್ತು.

ಮೊದಲನೆಯ ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಮೇಲ್ ಕಳಿಸಿತು. ಈ ಬಾರಿಯ ಅರ್ಜಿದಾರರ ಗುಣಮಟ್ಟ ಅಸಾಧಾರಣವಾಗಿತ್ತಂತೆ. ಅಂದರೆ ಸಾಧಾರಣವಾಗಿದ್ದವಳು ಯಾರೆಂದು ನಾನೇ ತಿಳಿದುಕೊಳ್ಳಬೇಕು. ಅತೀವ ವಿಷಾದವಂತೆ, ಮುಂದಿನ ಪ್ರಯತ್ನಗಳಿಗೆ ಶುಭವಂತೆ. ಹೆಣ್ಣು ನೋಡಿ, ಉಪ್ಪಿಟ್ಟು ಕೇಸರಿಬಾತು ಮುಗಿಸಿ, ಊರಿಗೆ ಹೋದಮೇಲೆ ಜಾತಕ ಕೂಡಿಬರಲಿಲ್ಲ ಎಂದು ಹೇಳಿಕಳಿಸುವವರ ಜಾತಿ ಇದು. ಅವರಾದರೂ ನಮ್ಮ ಮನೆಯ ಉಪ್ಪಿಟ್ಟು ತಿಂದಿರುತ್ತಾರೆ, ಆ ಋಣಕ್ಕಾದರೂ ಸುಳ್ಳು ಹೇಳುತ್ತಾರೆ. ಇವರಿಗೆ ಯಾವ ದಾಕ್ಷಿಣ್ಯ?

ಎರಡನೆಯದಕ್ಕೆ ಅಷ್ಟು ನಾಜೂಕೂ ಇರಲಿಲ್ಲ. ಒಂದು ಪಟ್ಟಿ ಹಾಕಿದರು, ಅದರಲ್ಲಿ ನಾನಿರಲಿಲ್ಲ, ಅಷ್ಟೇ. ಮೇಲಿಂದ ಕೆಳಗೆ ನೋಡಿದೆ, ಕೆಳಗಿಂದ ಮೇಲೆ ನೋಡಿದೆ, ಫೋನನ್ನು ಅಡ್ಡ ತಿರುಗಿಸಿಯೂ ನೋಡಿದೆ. ಅಡ್ಡ ತಿರುಗಿಸಿದರೆ ಹೆಸರು ಹುಟ್ಟುತ್ತದೆಯೇ? ಬುದ್ಧಿ ಇರುವವಳು ಒಂದು ಸಲ ನೋಡಿ ಸುಮ್ಮನಾಗುತ್ತಿದ್ದಳು. ಬುದ್ಧಿ ಇದ್ದಿದ್ದರೆ ಆ ಪಟ್ಟಿಯಲ್ಲಿ ಇರುತ್ತಿದ್ದೆನಲ್ಲ.

ಮೂರನೆಯವರು ಸಂದರ್ಶನಕ್ಕೆ ಕರೆದರು. ಬಸ್ಸು ಕೆಡಲಿಲ್ಲ, ಆನೆ ಇಳಿಯಲಿಲ್ಲ, ಬಿಸಿಯೂ ಏರಲಿಲ್ಲ. ಮೇಜಿನ ಆಚೆ ಮೂವರು ಗಂಡಸರು ಕೂತಿದ್ದರು. ನಡುವೆ ತಟ್ಟೆಯಲ್ಲಿ ಗೋಡಂಬಿ. ಒಬ್ಬರು ನನ್ನ ಪ್ರಸ್ತಾವನೆಯ ಮೇಲೆ ಟೀ ಲೋಟ ಇಟ್ಟುಕೊಂಡಿದ್ದರು. ಅಷ್ಟರಮಟ್ಟಿಗೆ ಅದು ಉಪಯೋಗಕ್ಕೆ ಬಂತು. ಈ ವಯಸ್ಸಿನಲ್ಲಿ ಯಾಕಮ್ಮ ಎಂದು ಒಬ್ಬರು ಕೇಳಿದರು. ಮಕ್ಕಳೆಷ್ಟು ಎಂದು ಇನ್ನೊಬ್ಬರು ಕೇಳಿದರು. ಮೂರನೆಯವರು ಗೋಡಂಬಿ ಅಗಿದು ನುಂಗಿ, ಸೊಪ್ಪು ಕಟ್ಟುವುದರಲ್ಲಿ ಸಿದ್ಧಾಂತ ಎಲ್ಲಿದೆ ಎಂದರು. ಚಪ್ಪರಕ್ಕೆ ಬಂದು ಕೂತರೆ ಕಾಣುತ್ತದೆ ಸಾರ್ ಅನ್ನಬೇಕೆಂದು ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ. ಅಲ್ಲಿ ನಾನು ಹೇಳಿದ್ದು, ಸೇರಿಸುತ್ತೇನೆ ಸಾರ್. ಉಪ್ಪು ಕಡಿಮೆಯಾಗಿದೆ ಅಂದರೆ ಸೇರಿಸುತ್ತೇನೆ ಅನ್ನುವ ಹಾಗೆ. ಅವರಿಂದ ಆಮೇಲೆ ಪಟ್ಟಿಯೂ ಬರಲಿಲ್ಲ, ಇ-ಮೇಲೂ ಬರಲಿಲ್ಲ. ಬೇಡ ಎಂದು ಹೇಳುವುದಕ್ಕೂ ನಾವು ಬೇಡವಾದೆವು.

ತಳ್ಳಿಸಿಕೊಂಡವರಿಗೆ ಸಮಾಧಾನ ಹೇಳುವವರ ಕಾಟ ಬೇರೆ. ನಮ್ಮ ಕಾಲೇಜಿನಲ್ಲಿ ಒಬ್ಬ ಸಹೋದ್ಯೋಗಿ ಇದ್ದಾರೆ. ಡಾಕ್ಟರೇಟ್ ಬಂದ ವಾರವೇ ಮನೆಯ ಗೇಟಿಗೆ, ಸ್ಕೂಟರಿಗೆ, ಊಟದ ಡಬ್ಬಿಯ ಮುಚ್ಚಳಕ್ಕೆ ಎಲ್ಲದಕ್ಕೂ 'ಡಾ.' ಬರೆಸಿಕೊಂಡವರು. ಪ್ರಬಂಧದಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ಹವಾಮಾನದ ಬಗ್ಗೆ ಮಾತಾಡುತ್ತಾರೆ. ನನ್ನ ಒಂದೊಂದು ತಿರಸ್ಕಾರಕ್ಕೂ ತಪ್ಪದೆ ಫೋನ್ ಮಾಡಿ, ಆಗುವುದೆಲ್ಲ ಒಳ್ಳೆಯದಕ್ಕೇ ಮೇಡಂ, ಅನ್ನುತ್ತಿದ್ದರು. ಆ ದನಿಯಲ್ಲಿ ಹೊಸ ಬೆಲ್ಲದ ಸಿಹಿ. ಯಾರ ಒಳ್ಳೆಯದಕ್ಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ನನ್ನ ಗಂಡ ಅಂಥ ಸಿಹಿಯ ಮನುಷ್ಯನಲ್ಲ. ಅವರಿಗೆ ಗೊತ್ತಿರುವುದು ಹೊಗೆಸೊಪ್ಪು. ಹರಾಜಿಗೆ ಒಯ್ದ ಸೊಪ್ಪಿನ ಮೂಟೆಯನ್ನು, ಅಂದರೆ ಬೇಲನ್ನು, ಯಾವ ಕಂಪನಿಯವರೂ ಕೂಗದಿದ್ದರೆ ಅದನ್ನು ಹಾಗೇ ಟೆಂಪೋಗೆ ಹೇರಿಕೊಂಡು ಮನೆಗೆ ತರುತ್ತಾರೆ. ನಮ್ಮೂರಿನಲ್ಲಿ ಇದು ಸಾವೂ ಅಲ್ಲ, ಸೂತಕವೂ ಅಲ್ಲ. ಮೂರನೆಯ ವಿಶ್ವವಿದ್ಯಾಲಯದ ಮೌನ ಗಟ್ಟಿಯಾದ ಮೇಲೆ ನಾನು ರೊಟ್ಟಿ ತಟ್ಟುತ್ತಾ ಮುಖ ಊದಿಸಿಕೊಂಡಿದ್ದಾಗ ಅವರು ಹೇಳಿದರು:

"ಬೇಲ್ ವಾಪಸ್ ಬಂದ್ರೆ ನಾವೇನು ಅತ್ಕೊಂಡು ಕುಂತ್ಕತೀವಾ? ಬಿಚ್ಚಿ, ಮೇಲ್ಗಡೆ ನಾಕು ಒಳ್ಳೆ ಎಲೆ ಮಡಗಿ, ಇನ್ನೊಂದಿನ ಆಕ್ತೀವಿ. ನೀನೂ ಅಂಗೇ ಮಾಡು."

ನನ್ನ ಸಂಶೋಧನೆಯನ್ನು ಹೊಗೆಸೊಪ್ಪಿನ ಬೇಲ್‌ಗೆ ಹೋಲಿಸಿದರಲ್ಲ ಎಂದು ಉರಿಯಿತು. ಆಮೇಲೆ ಯೋಚಿಸಿದರೆ, ಹೋಲಿಕೆಯಿಂದ ಅವಮಾನವಾಗಬೇಕಾದದ್ದು ಹೊಗೆಸೊಪ್ಪಿಗೆ. ಕಂಪನಿಯವನು ಬೇಡ ಅನ್ನುವ ಮೊದಲು ಬೇಲಿನೊಳಗೆ ಕೈ ಹಾಕುತ್ತಾನೆ. ಒಂದು ಎಲೆ ಎಳೆದು, ಬಿಡಿಸಿ, ಬೆಳಕಿಗೆ ಹಿಡಿದು, ಮೂಸಿ ನೋಡುತ್ತಾನೆ. ಅಷ್ಟು ಮರ್ಯಾದೆ ಒಂದು ಎಲೆಗೆ ಸಿಗುತ್ತದೆ. ನನ್ನ ಪ್ರಸ್ತಾವನೆಗೆ ಸಿಕ್ಕಿದ್ದು ಟೀ ಲೋಟದ ದುಂಡನೆಯ ಗುರುತು.

ಆದರೂ ಅವರು ಹೇಳಿದ ಹಾಗೇ ಮಾಡಿದೆ. ನಾಲ್ಕನೆಯ ವಿಶ್ವವಿದ್ಯಾಲಯಕ್ಕೆ ಪ್ರಸ್ತಾವನೆ ಕಳಿಸುವ ಗಡುವು ಇನ್ನೂ ಮುಗಿದಿರಲಿಲ್ಲ. ಒಳಗಿನದನ್ನು ಒಂದಕ್ಷರವೂ ಮುಟ್ಟದೆ, ಮೊದಲ ಪುಟದಲ್ಲಿ ಮಾತ್ರ ನಾಲ್ವರು ವಿದೇಶಿ ಪಂಡಿತರ ಹೆಸರು ಮಡಗಿದೆ. ಅವರಲ್ಲಿ ಇಬ್ಬರ ಪುಸ್ತಕವನ್ನು ನಾನು ಕಣ್ಣಿನಿಂದಲೂ ನೋಡಿಲ್ಲ. ಒಬ್ಬರ ಹೆಸರನ್ನು ಬಾಯಿಬಿಟ್ಟು ಹೇಳು ಅಂದರೆ ಈಗಲೂ ಹೇಳಲಾರೆ. ಕಡ್ಡಿಗೆ ಎಲೆ ಕಟ್ಟುವ ನಮ್ಮ ಹೆಂಗಸರ ತಲೆಯ ಮೇಲೆ ಆ ನಾಲ್ವರು ಸೂಟು ಹಾಕಿಕೊಂಡು ಕೂತರು. ಹೆಚ್ಚು ದಿನವಾಗಲಿಲ್ಲ, ವೈಟಿಂಗ್ ಲಿಸ್ಟ್ ಬಂತು. ಅದರಲ್ಲಿ ಮೊದಲ ಹೆಸರೇ ನನ್ನದು. ಇಂಥವರ ಕೈಯಲ್ಲಿ ಪದವಿ ಪಡೆಯಬೇಕೆ ಎಂದು ಅಸಹ್ಯಪಟ್ಟುಕೊಂಡೆ. ಪಡೆಯಲೇಬೇಕು ಎಂದೂ ಆ ಕ್ಷಣವೇ ತೀರ್ಮಾನಿಸಿದೆ.

ಯಾರಾದರೂ ಸೀಟು ಬಿಟ್ಟರೆ ಪಟ್ಟಿಯ ಮೊದಲಿನವರಿಗೆ ಫೋನಿನಲ್ಲಿ ತಿಳಿಸುತ್ತಾರೆ ಎಂದು ಅದರ ಕೆಳಗೆ ಬರೆದಿತ್ತು. ಅಲ್ಲಿಂದ ನನ್ನ ಹೊಸ ರೋಗ ಶುರುವಾಯಿತು.

ಫೋನು ನನ್ನ ಸೊಂಟ ಬಿಟ್ಟು ಇಳಿಯಲಿಲ್ಲ. ಬಚ್ಚಲಿಗೆ ಹೋದರೆ ಸೋಪಿನ ಗೂಡಿನಲ್ಲಿ, ಸೊಪ್ಪು ಕಟ್ಟಲು ಕೂತರೆ ಪ್ಲಾಸ್ಟಿಕ್ ಕವರಿನೊಳಗೆ. ಪಿರಿಯಾಪಟ್ಟಣದ ಸಂತೆಯಲ್ಲಿ ಗದ್ದಲಕ್ಕೆ ಕೇಳಿಸದೇ ಹೋದರೆ ಎಂದು ಸಂತೆಯನ್ನೇ ಬಿಟ್ಟೆ. ಹ್ಯಾಂಡ್‌ಪೋಸ್ಟಿನ ಆಚೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಲಿಲ್ಲ, ದಾರಿಯಲ್ಲಿ ಸಿಗ್ನಲ್ ಇಲ್ಲದ ತಗ್ಗೊಂದಿದೆ. ರಿಂಗಾಗುತ್ತದೋ ಇಲ್ಲವೋ ಎಂದು ಗಂಡನ ಫೋನಿನಿಂದ ನನಗೇ ಕರೆ ಮಾಡಿ, ರಿಂಗಾದರೆ ಎದೆ ಹಾರಿಸಿಕೊಂಡು ನೋಡಿ, ನಾನೇ ಎಂದು ತಿಳಿದು ನಿರಾಶಳಾಗುತ್ತಿದ್ದೆ. ಹುಚ್ಚಿಗೂ ಇಷ್ಟು ಶಿಸ್ತು ಇರುವುದಿಲ್ಲ.

ಆದರೂ ಒಂದು ಸಂದು ಉಳಿದಿತ್ತು. ಫೋನನ್ನು ಚಾರ್ಜಿಗೆ ಹಾಕಿ ನಾನು ಆಚೆ ಹೋದ ಹೊತ್ತಿನಲ್ಲಿ ರಿಂಗಾದರೆ? ಹಗಲಿಡೀ ಮನೆಯಲ್ಲಿ ಇರುವವರು ನನ್ನ ಅತ್ತೆ ಒಬ್ಬರೇ. ಅವರಿಗೆ ಫೋನ್ ಎತ್ತಲು ಬರುತ್ತಿರಲಿಲ್ಲ. ಸರಿ, ಪಾಠ ಶುರು ಮಾಡಿದೆ. ಹಸಿರು ಗುಂಡನ್ನು ಬೆರಳಿನಿಂದ ಮೇಲಕ್ಕೆ ಸರಿಸಬೇಕು. ಹಗ್ಗ ಎಳೆದೂ ಗರಿಕೆ ಕಿತ್ತೂ ಒರಟಾದ ಆ ಬೆರಳು ಫೋನಿಗೆ ಬೆರಳೆಂದೇ ಅನ್ನಿಸಲಿಲ್ಲ. ಸೆರಗಿನಿಂದ ಒರೆಸಿ, ತುಸು ಎಂಜಲು ಹಚ್ಚಿ, ಗಂಡನಿಂದ ಜಗಲಿಯಲ್ಲೇ ಮತ್ತೆ ಮತ್ತೆ ಕರೆ ಮಾಡಿಸಿ ಅಭ್ಯಾಸ ಮಾಡಿಸಿದೆ. "ಒಂದು ಪೋನೆತ್ತಕ್ಕೆ ಇಷ್ಟು ಪಾಠ ಏಳ್ತಿದೀಯಲ್ಲವ್ವ, ಅದ್ಕೇ ನಿನ್ನ ಯಾರೂ ಸೇರುಸ್ಕಳದಿಲ್ಲ," ಅಂದರು. ಗಂಡ ಆಚೆ ತಿರುಗಿ ಕೆಮ್ಮಿದರು. ನಾನು ಸಿಟ್ಟು ನುಂಗಿಕೊಂಡು, ರಿಂಗಾದರೆ ಬಿಡಬೇಡಿ ಅತ್ತೆ, ಎತ್ತಿ ಮಾತಾಡಿ, ಅಂದೆ.

ಮಾತಾಡುವುದನ್ನು ಅತ್ತೆಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿ ಬೆಳೆಯುವವರು ಗಂಡ, ಮಾರುವವರು ಅತ್ತೆ. ವ್ಯಾಪಾರಿ ಬಂದನೆಂದರೆ ಗಂಡ ಹಟ್ಟಿಯ ಹಿಂದೆ ಹೋಗಿ ದನಕ್ಕೆ ನೀರು ತೋರಿಸುತ್ತಿರಬೇಕು, ಅದು ಅಪ್ಪಣೆ. ಆ ತಿಂಗಳೇ ಕೇರಳದ ಕಡೆಯ ಶುಂಠಿ ವ್ಯಾಪಾರಿ ಬಂದಿದ್ದ. ಹೊಲ ನೋಡಿ, ಗೆಡ್ಡೆ ಮುರಿದು ಮೂಸಿ, ತನ್ನ ಕನ್ನಡದಲ್ಲಿ ಒಂದು ರೇಟು ಹೇಳಿದ. ಒಳ್ಳೆಯ ರೇಟೇ. ಅತ್ತೆ ಅಡಿಕೆ ಕತ್ತರಿಸುತ್ತಾ ತಲೆಯೂ ಎತ್ತದೆ, "ಬ್ಯಾರೆಯವ್ರೂ ಕೇಳವ್ರೆ, ನೋಡ್ತೀವಿ ಬುಡಿ," ಅಂದರು. ಬೇರೆಯವರು ಯಾರೂ ಕೇಳಿರಲಿಲ್ಲ. ಅವನು ಜೀಪಿನವರೆಗೆ ಹೋದ, ಸ್ಟಾರ್ಟ್ ಮಾಡಿದ, ಆಫ್ ಮಾಡಿದ, ತಿರುಗಿ ಬಂದ. ಅವನೂ ಬರಬೇಕು, ಇವರೂ ಕಾಯಬೇಕು. ಇಬ್ಬರಿಗೂ ಗೊತ್ತಿರುವ ಆಟ. ಮೊದಲ ಮಾತಿಗೇ ಒಪ್ಪಿದರೆ ಮಾಲಿನಲ್ಲಿ ಏನೋ ಐಬಿದೆ ಅಂತ ಅರ್ಥ. ನನ್ನನ್ನು ನೋಡಲು ಬಂದಾಗಲೂ ಅತ್ತೆ ನಮ್ಮಪ್ಪನಿಗೆ ಇದೇ ಮಾತು ಹೇಳಿ ಎದ್ದು ಹೋಗಿದ್ದರು. ಅಪ್ಪ ಮರುದಿನ ಮೊದಲ ಬಸ್ಸಿಗೇ ಅವರ ಹಿಂದೆ ಹೊರಟುಬಂದಿದ್ದರು. ನಾನು ಇದ್ದ ಮೊದಲ ವೈಟಿಂಗ್ ಲಿಸ್ಟ್ ಅದು.

ಆ ದಿನ ನಮ್ಮ ಬ್ಯಾರನ್ ತುಂಬುವ ದಿನ. ಕತ್ತಲಾಗುವುದರೊಳಗೆ ಎಲೆ ಕಟ್ಟಿದ ಕಡ್ಡಿಗಳೆಲ್ಲ ಮೇಲೇರಬೇಕು, ಆಳು ಸಾಲದು, ನಾನೂ ಎಲೆ ಕಟ್ಟಲು ಕೂರಲೇಬೇಕು. ಹೊರಡುವಾಗ ನೋಡಿದರೆ ಫೋನು ಸತ್ತಿತ್ತು. ಬೆಳಗಿನಿಂದ ಮೇಲ್ ಬಂತೇ, ಸಿಗ್ನಲ್ ಇದೆಯೇ, ಚಾರ್ಜ್ ಇದೆಯೇ ಎಂದು ನೋಡಿ ನೋಡಿಯೇ ಅದರ ಚಾರ್ಜ್ ಮುಗಿಸಿದ್ದೆ. ಫ್ರಿಜ್ಜಿನ ಮೇಲೆ ಚಾರ್ಜಿಗೆ ಹಾಕಿ, ಅತ್ತೆಗೆ ತೋರಿಸಿ, ಹೊಲದಾಚೆಯ ಬ್ಯಾರನ್‌ಗೆ ಹೋದೆ. ಅತ್ತೆ ಇದ್ದಾರೆ, ಕಲಿಸಿದ್ದೇನೆ. ಬಹಳ ದಿನಗಳ ಮೇಲೆ ಅಂದು ಸಮಾಧಾನವಾಗಿ ಕೂತು ಹೆಂಗಸರ ಮಾತು ಕೇಳಿದೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ ಜಗಲಿಯ ಮೇಲೆ ಸಾರಿನ ಸೊಪ್ಪು ಸೋಸುತ್ತಿದ್ದರು. ಫೋನು ಫ್ರಿಜ್ಜಿನಿಂದ ಇಳಿದು ಅವರ ಮಡಿಲಿಗೆ ಬಂದಿತ್ತು. ಮುಖದಲ್ಲಿ ಗೆಲುವು.

"ನಿನ್ ಕಾಲೇಜಿನೋರು ಪೋನ್ ಮಾಡಿದ್ರು ಕಣವ್ವ. ಒಂದೇ ಸಲಕ್ಕೇ ಎತ್ತಿದೆ."

ನನ್ನ ಕೈಯೆಲ್ಲ ಹೊಗೆಸೊಪ್ಪಿನ ಕರಿ ಅಂಟು. ತೊಳೆಯಬೇಕೆಂಬುದೂ ಮರೆತುಹೋಯಿತು. "ಏನಂದ್ರು ಅತ್ತೆ?"

"ಸೀಟು ಕಾಲಿ ಐತೆ, ಬತ್ತರಾ ಅಂದ್ರು."

"ನೀವೇನಂದ್ರಿ?"

"ಇನ್ನೇನನ್ಲಿ. ಬ್ಯಾರೆಯವ್ರೂ ಕೇಳವ್ರೆ, ನೋಡ್ತೀವಿ ಬುಡಿ ಅಂದೆ."

ಅಂಟುಗೈಯಲ್ಲೇ ಫೋನ್ ಕಸಿದುಕೊಂಡು ಅದೇ ನಂಬರಿಗೆ ಮಾಡಿದೆ. ಆ ಕಡೆ ಗುಮಾಸ್ತೆ ಹೆಂಗಸು. ನಾನು ಹೆಸರು ಹೇಳಿದ ಕೂಡಲೇ, ಅಯ್ಯೋ ಮೇಡಂ, ನಿಮ್ಮ ಮನೆಯವರೇ ಹಾಗಂದರಲ್ಲ, ಅಂದಳು. ಸಾಹೇಬರು ಪಕ್ಕದಲ್ಲೇ ನಿಂತಿದ್ದರಂತೆ. ಹಾಗಾದರೆ ಮುಂದಿನವರಿಗೆ ಮಾಡಿ ಅಂದರಂತೆ. ಮುಂದಿನವನು ಇವಳ ವಾಕ್ಯ ಮುಗಿಯುವ ಮೊದಲೇ ಒಪ್ಪಿಕೊಂಡನಂತೆ, ದಾಖಲೆಗಳನ್ನೂ ಕಳಿಸಿಬಿಟ್ಟನಂತೆ. ಇನ್ನೇನೂ ಮಾಡುವ ಹಾಗಿಲ್ಲ, ಈ ಸಾಲಿಗೆ ಇದೇ ಕೊನೆಯ ಸೀಟು. ಅಷ್ಟು ಬೇಗ ಒಪ್ಪಿದ ಆ ಮನುಷ್ಯನ ಮೇಲೆ ನನಗೆ ಹೇಸಿಗೆಯಾಯಿತು. ಎಂಥ ನಾಚಿಕೆಗೆಟ್ಟವನು. ನಾನಾಗಿದ್ದರೆ ಅವಳು ಹಲೋ ಅನ್ನುವಾಗಲೇ ಒಪ್ಪಿರುತ್ತಿದ್ದೆ.

ಆಮೇಲೆ ಅವಳು ದನಿ ತಗ್ಗಿಸಿ ಕೇಳಿದಳು. ಇಷ್ಟು ದಿನದಲ್ಲಿ ಯಾವ ವಿಶ್ವವಿದ್ಯಾಲಯದವರೂ ನನ್ನೊಡನೆ ಅಷ್ಟು ಗೌರವದಿಂದ ಮಾತಾಡಿರಲಿಲ್ಲ. "ಬೇರೆ ಎಲ್ಲಿ ಸಿಕ್ತು ಮೇಡಂ?"

ನಿಜ ಹೇಳಬಹುದಿತ್ತು. "ಇನ್ನೂ ನೋಡ್ತಿದೀವಿ," ಅಂದೆ.

ಫೋನ್ ಇಟ್ಟ ಮೇಲೆ ಅತ್ತೆಗೆ ಹೇಳಿದೆ, ಸೀಟು ಹೋಯಿತು, ಬೇರೆಯವರಿಗೆ ಕೊಟ್ಟರು ಅಂತ. ಕೂಗಾಡಬೇಕೆಂದಿದ್ದೆ, ಅಳು ಬಂತು. ಅತ್ತೆ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದರು. ನನ್ನ ಮಾತನ್ನು ಅವರು ನಂಬಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

"ಒಳಿಕ್ಕೋಗಿ ಉಣ್ಣು ನಡಿ. ಅಂಗೇ ಏಳ್ತಾರೆ ಅವ್ರು. ಜೀಪಿನ್ ಗಂಟ ಓಗಿ ತಿರುಗಿ ಬತ್ತಾರೆ."

ಸಂಜೆ ಬ್ಯಾರನ್ ತುಂಬಿಸಿ, ಒಲೆಗೆ ಬೆಂಕಿ ಹಾಕಿ ಗಂಡ ಬಂದರು. ವಿಷಯ ಕೇಳಿದರು. ಕೂಗಿದ ಬೇಲನ್ನು ರೈತನೇ ಹಿಂದಕ್ಕೆಳೆದುಕೊಳ್ಳುವುದೂ ಉಂಟು ಕಣೆ, ಎಂದೇನೋ ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿ ದನ ಕಟ್ಟಲು ಹೋದರು. ಅತ್ತೆ ಜಗಲಿ ಬಿಟ್ಟು ಏಳಲಿಲ್ಲ. ದೀಪ ಹಚ್ಚುವ ಹೊತ್ತಾದರೂ ಫೋನನ್ನು ಮಡಿಲಲ್ಲಿಟ್ಟುಕೊಂಡು, ಆಗಾಗ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೂತಿದ್ದರು. ಒಮ್ಮೆ ರಿಂಗಾಯಿತು. ನೇರ ಎತ್ತಿದರು. ಆ 'ಡಾ.' ಸಹೋದ್ಯೋಗಿಯ ಕರೆ. ಅವರು ಏನಂದರೋ ನನಗೆ ಕೇಳಿಸಲಿಲ್ಲ. ಅತ್ತೆ ಮಾತ್ರ ಅವರಿಗೂ, ನೋಡ್ತೀವಿ ಬುಡಿ, ಎಂದು ಹೇಳಿ ಇಟ್ಟರು. ಆ ಒಂದು ಕರೆಗೆ ಅದು ತಕ್ಕ ಉತ್ತರವೇ ಆಗಿತ್ತು.

ಸರ್ವರ್ ಮಲಗಲಿಲ್ಲ. ಕಿವಿ ಚೆನ್ನಾಗಿಯೇ ಕಂಡಿತು. ನೋಟರಿಯವನು ಮುಖ ನೋಡದೆ ಮುದ್ರೆ ಒತ್ತಿದ. ಗುರುಗಳು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಪತ್ರವನ್ನೂ ಕೊಟ್ಟರು. ಆನೆ ತನ್ನ ಪಾಡಿಗೆ ಕಾಡಿನಲ್ಲಿತ್ತು. ತಪ್ಪಿದ್ದು ಇಷ್ಟೇ: ಫೋನ್ ಎತ್ತುವುದು ಹೇಗೆಂದು ಅತ್ತೆಯನ್ನು ಕೂರಿಸಿಕೊಂಡು ಕಲಿಸಿದ್ದೆ, ಎತ್ತಿದ ಮೇಲೆ ಹೂಂ ಅನ್ನಿ ಎಂದು ಹೇಳಿರಲಿಲ್ಲ.